ಗಾಡಿಗೆ ಲಗೇಜ್ ಕಟ್ಟೋದು: ಹಾಲಿನ ಕ್ಯಾನಿನಿಂದ ಕಲಿತದ್ದು

ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಆನೆ ದಾಟುವ ಜಾಗ. ಅಂಥ ಕಡೆಯೇ ನನ್ನ ಬ್ಯಾಗ್ ಜಾರಿತು.

ಒಬ್ಬಳೇ ಹೊರಟ ಮೊದಲ ದೊಡ್ಡ ಪ್ರಯಾಣ ಅದು. ಮೈಸೂರಿನಿಂದ ಗುಂಡ್ಲುಪೇಟೆ ಮೇಲೆ ಊಟಿಗೆ. ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಹಿಂದಿನ ಸೀಟಿನ ಮೇಲೆ ಒಂದೇ ದೊಡ್ಡ ಬ್ಯಾಗ್ ಇಟ್ಟು, ಕೊಕ್ಕೆ ಇರುವ ಎರಡು ಬಂಜಿ ಹಗ್ಗ, ಅಂದರೆ ಹಿಗ್ಗುವ ರಬ್ಬರ್ ಹಗ್ಗ, ಎಳೆದು ಹಾಕಿದ್ದೆ. ಮನೆ ಮುಂದೆ ಅಲ್ಲಾಡಿಸಿ ನೋಡಿದಾಗ ಬಿಗಿಯಾಗೇ ಇತ್ತು. ಆದರೆ ಕಾಡಿನೊಳಗೆ ಹಂಪ್ಸ್ ಮೇಲೆ ಹಂಪ್ಸ್. ಪ್ರತಿ ಹಂಪ್ಸಿಗೂ ಬ್ಯಾಗ್ ಮೇಲೆದ್ದು ಕೂರುತ್ತದೆ, ರಬ್ಬರ್ ಹಿಗ್ಗುತ್ತದೆ, ಕೊಕ್ಕೆ ಸಡಿಲವಾಗುತ್ತದೆ. ಕೊನೆಗೆ ಒಂದು ಕೊಕ್ಕೆ ಬಿಟ್ಟೇ ಬಿಟ್ಟಿತು. ಬ್ಯಾಗ್ ಬಲಕ್ಕೆ ವಾಲಿ ಸೈಲೆನ್ಸರ್ ಮೇಲೆ ಬಿತ್ತು. ನನಗೆ ಗೊತ್ತಾದದ್ದು ವಾಸನೆಯಿಂದ. ಎಡಗೈ ಹಿಂದಕ್ಕೆ ಚಾಚಿ ಬ್ಯಾಗಿನ ಹಿಡಿ ಹಿಡಿದುಕೊಂಡು, ಎರಡನೇ ಗೇರಿನಲ್ಲೇ ಗಡಿಯ ಚೆಕ್‌ಪೋಸ್ಟ್ ವರೆಗೆ ಬಂದೆ. ಇಳಿದು ನೋಡಿದರೆ ರೈನ್‌ಕೋಟ್ ಕರಗಿ ಸೈಲೆನ್ಸರಿಗೆ ಅಂಟಿಕೊಂಡಿತ್ತು. ಬಿಚ್ಚಿಹೋದ ಹಗ್ಗದ ತುದಿ ಹಿಂದಿನ ಚಕ್ರದ ಪಕ್ಕದಲ್ಲೇ ನೇತಾಡುತ್ತಿತ್ತು. ಅದು ಚಕ್ರಕ್ಕೆ ಸುತ್ತಿಕೊಂಡಿದ್ದರೆ? ಅವತ್ತು ರಾತ್ರಿ ಊಟಿಯ ಚಳಿಗಿಂತ ಆ ಯೋಚನೆಗೇ ನಿದ್ದೆ ಬರಲಿಲ್ಲ.

ಪಾಂಡವಪುರದ ಕಡೆ ನನ್ನ ಸೋದರಮಾವ ಇದ್ದಾರೆ. ಹಳ್ಳಿಯಲ್ಲಿ ಹಾಲು ಎತ್ತಿ ಹೋಟೆಲುಗಳಿಗೆ ವರ್ತನೆ ಹಾಕುತ್ತಾರೆ. ಗಾಡಿಯ ಎರಡೂ ಕಡೆ ಒಂದೊಂದು 40 ಲೀಟರಿನ ಕ್ಯಾನ್. ತುಂಬಿದರೆ ಎರಡೂ ಸೇರಿ 80 ಕೆ.ಜಿ.ಗೂ ಜಾಸ್ತಿ. ಕಬ್ಬಿನ ಟ್ರಾಕ್ಟರ್ ಓಡಾಡಿ ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ಬೆಳಗ್ಗೆ, ಸಂಜೆ ಹೋಗಿಬರುತ್ತಾರೆ. ಕ್ಯಾನ್ ಒಂದು ಇಂಚು ಅಲ್ಲಾಡಲ್ಲ. ನನ್ನ ಕಥೆ ಹೇಳಿದೆ. ಮಾವ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು.

"ಭಾರ ಮ್ಯಾಲಿದ್ರೆ ಗಾಡಿ ನಿನ್ ಮಾತು ಕೇಳಾಕಿಲ್ಲ ಕಣಮ್ಮಿ. ಕೆಳಗಿರ್ಬೇಕು, ಎರಡೂ ಕಡೆ ಸಮ ಇರ್ಬೇಕು. ಕಟ್ಟೋದು ಆಮ್ಯಾಕೆ."

ಕ್ಯಾನ್ ಕೂರಲು ಕಬ್ಬಿಣದ ಸ್ಟ್ಯಾಂಡ್. ಆ ಸ್ಟ್ಯಾಂಡ್ ಸೀಟಿಗಲ್ಲ, ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ ಬೋಲ್ಟ್ ಆಗಿದೆ. ಕ್ಯಾನಿನ ತಳ ಹೆಚ್ಚುಕಮ್ಮಿ ಚಕ್ರದ ಆಕ್ಸಲ್ ಮಟ್ಟದಲ್ಲಿದೆ. ಕತ್ತಿನ ಸುತ್ತ ಹಳೇ ಟ್ಯೂಬ್ ಕತ್ತರಿಸಿದ ಪಟ್ಟಿ. ಹಾಲು ಕಡಿಮೆ ಬಂದ ದಿನ ಒಂದೇ ಕ್ಯಾನ್ ತುಂಬಿಸುವುದಿಲ್ಲ, ಎರಡಕ್ಕೂ ಹಂಚಿ ಸುರಿಯುತ್ತಾರೆ. ಅರ್ಧ ಕ್ಯಾನ್ ಕುಲುಕುತ್ತದಲ್ಲ ಮಾವ ಅಂದೆ. ಕುಲುಕಿದರೂ ವಾಲುವುದಕ್ಕಿಂತ ವಾಸಿ ಅಂದರು.

ಅಲ್ಲಿಂದ ನಾನು ಕಟ್ಟುವ ರೀತಿಯೇ ಬದಲಾಯಿತು. ಈಗ ಮೂರು ಜಾಗ ಮಾಡಿಕೊಂಡಿದ್ದೇನೆ. ಎರಡು ಪಕ್ಕಕ್ಕೆ ಸ್ಯಾಡಲ್ ಬ್ಯಾಗ್, ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಮಲಗಿಸಿದ ಟೇಲ್ ಬ್ಯಾಗ್, ಮುಂದೆ ಪುಟ್ಟ ಟ್ಯಾಂಕ್ ಬ್ಯಾಗ್. ಭಾರದ್ದೆಲ್ಲ ಸ್ಯಾಡಲ್ ಬ್ಯಾಗಿನ ತಳಕ್ಕೆ, ಅದರಲ್ಲೂ ಸವಾರರ ಕಡೆಯ ಮೂಲೆಗೆ. ಸ್ಪ್ಯಾನರ್, ಪಂಕ್ಚರ್ ಕಿಟ್, ಪಂಪ್, ಒಂದು ಟ್ಯೂಬ್, ಚೈನ್ ಲ್ಯೂಬ್ ಎಡಕ್ಕೆ. ನೀರು, ಶೂ, ಔಷಧಿ ಬಲಕ್ಕೆ. ಮನೆಯಲ್ಲಿ ಕೊಕ್ಕೆಗೆ ನೇತು ಹಾಕುವ ಸ್ಪ್ರಿಂಗ್ ತಕ್ಕಡಿ ಇದೆ. ಎರಡನ್ನೂ ತೂಗಿ, ಅರ್ಧ ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸಾಮಾನು ಆ ಕಡೆ ಈ ಕಡೆ ಮಾಡುತ್ತೇನೆ. ಟೇಲ್ ಬ್ಯಾಗಿನಲ್ಲಿ ಬಟ್ಟೆ, ಮಲಗುವ ಚೀಲ, ಅಷ್ಟೇ. ಅಲ್ಲಿ ಭಾರ ಇಟ್ಟರೆ ಅದು ಹೆಚ್ಚುಕಮ್ಮಿ ಪೂರ್ತಿ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಆಗ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ತೇಲಿದ ಹಾಗೆ ಆಗುತ್ತದೆ. ವೇಗದಲ್ಲಿ ಅದು ಬಹಳ ಅಪಾಯ.

ಸೈಲೆನ್ಸರ್ ಇರುವುದು ಬಲಗಡೆ. ಆ ಕಡೆಯ ಬ್ಯಾಗ್ ಯಾವ ಗುಂಡಿಯಲ್ಲೂ ಅದನ್ನು ಮುಟ್ಟಬಾರದು. ವೆಲ್ಡಿಂಗ್ ಅಂಗಡಿಯಲ್ಲಿ ತೆಳು ಕಬ್ಬಿಣದ ರಾಡ್ ಬಗ್ಗಿಸಿ, ಬ್ಯಾಗನ್ನು ದೂರ ಹಿಡಿಯುವ ಸ್ಟೇ ಮಾಡಿಸಿದೆ. ಎಡಕ್ಕೆ ಸೀರೆ ಗಾರ್ಡ್ ಇದ್ದೇ ಇದೆ, ಬ್ಯಾಗ್ ಚಕ್ರದೊಳಗೆ ಹೋಗದ ಹಾಗೆ ಅದೇ ತಡೆಯುತ್ತದೆ. ಅದನ್ನು ಬಿಚ್ಚಿಸಿ ಹಾಕುವವರಿದ್ದಾರೆ. ಲಗೇಜ್ ಹಾಕುವವರು ದಯವಿಟ್ಟು ಬಿಚ್ಚಿಸಬೇಡಿ.

ಈಗ ಕಟ್ಟುವ ವಿಷಯ. ಇದನ್ನು ಬಿಡಿಸಿ ಹೇಳಬೇಕು. ಬಂಜಿ ಹಗ್ಗವನ್ನು ಭಾರ ಹಿಡಿಯಲು ನಾನು ಬಳಸುವುದೇ ಇಲ್ಲ. ಒಗೆದ ಟವೆಲ್ ಒಣಗಲಿ ಅಂತ ಮೇಲೆ ಸಿಕ್ಕಿಸಲು ಸರಿ, ಅಷ್ಟಕ್ಕೇ. ಅದರ ಕೊಕ್ಕೆ ಕೈ ತಪ್ಪಿದರೆ ನೇರ ಮುಖಕ್ಕೆ ಬರುತ್ತದೆ, ಕಣ್ಣು ಜೋಪಾನ. ಟೇಲ್ ಬ್ಯಾಗಿಗೆ ಬಕಲ್ ಇರುವ ಅಗಲ ಪಟ್ಟಿ ನಾಲ್ಕು. ಸಿಗುವುದಾದರೆ ಪಾಲಿಯೆಸ್ಟರ್ ಪಟ್ಟಿಯೇ ತಗೊಳ್ಳಿ, ನೈಲಾನ್ ನೆನೆದರೆ ಹಿಗ್ಗುತ್ತದೆ. ಮುಂದಿನ ಎರಡು ಪಟ್ಟಿ ಬ್ಯಾಗನ್ನು ಮುಂದಕ್ಕೂ ಕೆಳಕ್ಕೂ ಎಳೆಯಬೇಕು, ಹಿಂದಿನ ಎರಡು ಹಿಂದಕ್ಕೂ ಕೆಳಕ್ಕೂ. ಆಗ ಬ್ರೇಕ್ ಹಾಕಿದರೂ ಜಾರಲ್ಲ, ಆಕ್ಸಿಲರೇಟರ್ ಕೊಟ್ಟರೂ ಜಾರಲ್ಲ. ಪಟ್ಟಿಯ ತುದಿ ಸಿಕ್ಕಿಸುವುದು ಚಾಸಿಗೆ ಅಥವಾ ಹಿಂದೆ ಕೂತವರು ಹಿಡಿಯುವ ಕಂಬಿಗೆ. ಇಂಡಿಕೇಟರ್, ನಂಬರ್ ಪ್ಲೇಟ್ ಯಾವುದೂ ಭಾರ ತಡೆಯುವ ವಸ್ತು ಅಲ್ಲ. ಅವು ಮುಚ್ಚಿಹೋಗಲೂಬಾರದು.

ಬ್ಯಾಗಿನ ತಳಕ್ಕೆ, ಸೀಟಿನ ಮೇಲೆ, ಹಳೇ ಟ್ಯೂಬ್ ಸೀಳಿ ಹಾಸುತ್ತೇನೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಅದು ಬ್ಯಾಗನ್ನು ಕಚ್ಚಿ ಹಿಡಿಯುತ್ತದೆ. ಅದೇ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ, ಪಟ್ಟಿಯಲ್ಲಿ ಉಳಿದ ಬಾಲವನ್ನು ಮಡಚಿ ಆ ಬಳೆಯೊಳಗೆ ತೂರಿಸುತ್ತೇನೆ. ಒಂದು ಬಾಲವೂ ನೇತಾಡಬಾರದು. ಪಟ್ಟಿಗೆ ಅರ್ಧ ಸುತ್ತು ತಿರುವಿ ಕಟ್ಟಿದರೆ ಗಾಳಿಗೆ ಪಟಪಟ ಬಡಿಯುವುದೂ ನಿಲ್ಲುತ್ತದೆ. ಎಲ್ಲ ಆದ ಮೇಲೆ ಬ್ಯಾಗಿನ ಹಿಡಿ ಹಿಡಿದು ಜೋರಾಗಿ ಅಲ್ಲಾಡಿಸುತ್ತೇನೆ. ಗಾಡಿ ಅಲ್ಲಾಡಬೇಕು, ಬ್ಯಾಗ್ ಅಲ್ಲಾಡಬಾರದು. ಬ್ಯಾಗ್ ಅಲ್ಲಾಡಿದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ.

ಮಳೆಗೆ ಮೇಲಿನ ರೈನ್ ಕವರ್ ನಂಬಬೇಡಿ. ಗಾಳಿ ಹೊಕ್ಕು ಅದು ಉಬ್ಬುತ್ತದೆ, ಕೆಳಗೆ ನೀರು ನಿಲ್ಲುತ್ತದೆ. ಮೈಸೂರಿನ ಸಂತೇಪೇಟೆಯಲ್ಲಿ ದಪ್ಪ ಪ್ಲಾಸ್ಟಿಕ್ ಕವರ್ ಸಿಗುತ್ತದೆ. ಬಟ್ಟೆಯನ್ನು ಅದರೊಳಗೆ ಹಾಕಿ, ಮಂಡಿಯಲ್ಲಿ ಒತ್ತಿ ಗಾಳಿ ತೆಗೆದು, ಬಾಯಿ ತಿರುಚಿ, ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಆಮೇಲೆ ಬ್ಯಾಗಿಗೆ. ರೈನ್‌ಕೋಟ್ ಮಾತ್ರ ಎಲ್ಲಕ್ಕಿಂತ ಮೇಲೆ. ಆಗುಂಬೆ ಘಾಟಿಯಲ್ಲಿ ಮಳೆ ಹಿಡಿದಾಗ ಬ್ಯಾಗ್ ಪೂರ್ತಿ ಬಿಚ್ಚಿ ಹುಡುಕಲು ಆಗಲ್ಲ.

ಭಾರ ಹಾಕಿದ ಮೇಲೆ ಗಾಡಿಯನ್ನೂ ಅದಕ್ಕೆ ಹೊಂದಿಸಬೇಕು, ಅಲ್ವಾ? ನನ್ನ ಗಾಡಿಯ ಹಿಂದಿನ ಷಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗ್ ಬಿಗಿ ಹೊಂದಿಸಲು 6 ಹಂತ ಇದೆ. ಎರಡು ಹಂತ ಗಟ್ಟಿ ಮಾಡುತ್ತೇನೆ. ಹಿಂದಿನ ಟೈರಿಗೆ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಗಾಳಿ, ಟೈರ್ ತಣ್ಣಗಿದ್ದಾಗಲೇ. ಹೊರಡುವ ಹಿಂದಿನ ದಿನ ಪೂರ್ತಿ ಲಗೇಜ್ ಸಮೇತ ಚಾಮುಂಡಿ ಬೆಟ್ಟ ಹತ್ತಿ ಇಳಿಯುತ್ತೇನೆ. ತಿರುವಿನಲ್ಲಿ ಗಾಡಿ ಹೇಗೆ ವಾಲುತ್ತದೆ, ಇಳಿಜಾರಿನಲ್ಲಿ ಬ್ರೇಕಿಗೆ ಎಷ್ಟು ದೂರ ಜಾಸ್ತಿ ಬೇಕು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಹಾಗಾಗಿ ಮಾವನ ಊರಿಗೆ ಹೋಗುವಾಗ ಸರ್ವಿಸ್ ರಸ್ತೆಯ ಹಂಪ್ಸ್‌ಗಳಲ್ಲಿ ಇನ್ನೊಂದು ಪರೀಕ್ಷೆ ಆಗುತ್ತದೆ.

ಎಷ್ಟೇ ಬಿಗಿದರೂ ಮೊದಲ 20 ಕಿ.ಮೀ.ಯಲ್ಲಿ ಬಟ್ಟೆ ಅದುಮಿಕೊಂಡು ಬ್ಯಾಗ್ ಕುಗ್ಗುತ್ತದೆ, ಪಟ್ಟಿ ಸಡಿಲವಾಗುತ್ತದೆ. ದಕ್ಷಿಣಕ್ಕೆ ಹೊರಟರೆ ನಂಜನಗೂಡಿನಲ್ಲಿ ನಿಲ್ಲಿಸುತ್ತೇನೆ. ಟೀ ಹೇಳಿ, ಅದು ಬರುವುದರೊಳಗೆ ನಾಲ್ಕೂ ಪಟ್ಟಿ ಎಳೆದು ಬಿಗಿಯುತ್ತೇನೆ. ಪ್ರತಿ ಸಲವೂ ಎರಡು ಬೆರಳಿನಷ್ಟು ಪಟ್ಟಿ ಬಂದೇ ಬರುತ್ತದೆ. ಮಣ್ಣಿನ ಜಾಗವಾದರೆ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡುತ್ತೇನೆ, ಇಲ್ಲದಿದ್ದರೆ ಭಾರಕ್ಕೆ ಕುಸಿದು ಗಾಡಿ ಮಗುಚುತ್ತದೆ.

ಮನೆಗೆ ಬಂದ ಮೇಲೆ ಬಿಚ್ಚುವಾಗ, ಮುಟ್ಟದೇ ವಾಪಸ್ ಬಂದ ಸಾಮಾನು ಬೇರೆ ಇಡುತ್ತೇನೆ. ಮೊದಲ ಸಲ 26 ಕೆ.ಜಿ. ಹೊತ್ತು ಹೋಗಿದ್ದೆ, ಈಗ 17ಕ್ಕೆ ಬಂದಿದೆ. ಹಿಂದಿನ ಎಡಗಡೆಯ ಪಟ್ಟಿ ಬಕಲ್ ಕಚ್ಚುವ ಜಾಗದಲ್ಲಿ ನೂಲು ಬಿಟ್ಟುಕೊಂಡಿದೆ. ಮುಂದಿನ ತಿಂಗಳು ಕುದುರೆಮುಖದ ಕಡೆ ಹೊರಡುವ ಮುಂಚೆ ಅದನ್ನು ಬದಲಾಯಿಸಬೇಕು.