ಮ್ಯಾನ್‌ಹೋಲಿಗೆ ಇಳಿದವರ ಕೌದಿ

ಅವ್ವ ಕೌದಿ ಹೊಲಿಯೋದನ್ನು ನೋಡುತ್ತಾ ಬೆಳೆದವಳು ನಾನು. ಹಳೇ ಸೀರೆ, ಅಪ್ಪನ ಧೋತರ, ಹರಿದ ಗುಳೇದಗುಡ್ಡ ಖಣ, ಎಲ್ಲಾ ಅದರೊಳಗೆ ಹೋಗುತ್ತಿತ್ತು. ಹೋರಾಟಕ್ಕೂ ಇದು ಬರುತ್ತದೆ ಅಂತ ನನಗೆ ಹೊಳೆದದ್ದು ಬಹಳ ತಡವಾಗಿ, ಅಮೆರಿಕದ ಏಡ್ಸ್ ಕೌದಿಯ, ಅಂದರೆ ಏಡ್ಸ್‌ನಿಂದ ಸತ್ತವರ ಹೆಸರಲ್ಲಿ ಒಂದೊಂದು ತುಂಡು ಹೊಲಿದು ಸೇರಿಸಿದ ಕೌದಿಯ ಫೋಟೋ ನೋಡಿದಾಗ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದಲ್ಲಿ ಅದನ್ನು ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಗೋರಿಯಷ್ಟು.

ಆ ಅಳತೆ ಓದಿದ ಕೂಡಲೇ ನನಗೆ ನೆನಪಾದದ್ದು ಮ್ಯಾನ್‌ಹೋಲ್.

ಮಲಹೊರುವ ಪದ್ಧತಿ ವಿರುದ್ಧ 1993ರಲ್ಲೇ ಕಾನೂನು ಬಂತು, 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಆದರೂ ಪೇಪರಿನಲ್ಲಿ ಬರೋದು 'ವಿಷಾನಿಲಕ್ಕೆ ಇಬ್ಬರು ಬಲಿ' ಅಂತ ನಾಲ್ಕು ಸಾಲು. ಅನಿಲ ತಾನಾಗೇ ಬಂದು ಕೊಂದಿತೇನೋ ಅನ್ನೋ ಹಾಗೆ. ಇಳಿಸಿದ್ದು ಯಾರು?

ಹೀಗೆ ಸತ್ತವರ ಹೆಸರಲ್ಲಿ ನಾನೂ ಕೌದಿ ಹೊಲಿಯಲು ಕೂತೆ. ಮೊದಲನೇದು ಪೂರ್ತಿ ಕೆಡಿಸಿದೆ. ಹೊಸ ಬಟ್ಟೆ ತಂದು, ಪೇಂಟಲ್ಲಿ ಘೋಷಣೆ ಬರೆದು, ಸುತ್ತ ಅಂಚು ಹೊಲಿದೆ. ನೋಡಿದರೆ ಬ್ಯಾನರ್ ತರಹವೇ ಇತ್ತು, ಅವ್ವ ಇದ್ದಿದ್ದರೆ ನಕ್ಕುಬಿಡುತ್ತಿದ್ದಳು. ಉಟ್ಟು ಸವೆದ ಬಟ್ಟೆ ಇಲ್ಲದಿದ್ದರೆ ಅದು ಕೌದಿ ಅಲ್ಲ.

ಆದರೆ ಸತ್ತವರ ಬಟ್ಟೆ ಕೇಳೋದು ಹೇಗೆ? ನಮ್ಮ ಕಡೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳೋದಿಲ್ಲ. ಒಂದು ಮನೆಯ ಅಜ್ಜಿ ನನ್ನನ್ನು ಬಾಗಿಲಲ್ಲೇ ಬೈದು ಕಳಿಸಿದರು, ತಪ್ಪು ಅವರದಲ್ಲ. ನಾನು ಕೇಳೋದನ್ನೇ ಬಿಟ್ಟೆ, ಸುಮ್ನೆ ಹೋಗಿ ಕೂತು ಬರುತ್ತಿದ್ದೆ. ಎರಡು ತಿಂಗಳಾದ ಮೇಲೆ ಇನ್ನೊಂದು ಮನೆಯಾಕೆ ಟ್ರಂಕಿನ ತಳದಿಂದ ತಾನಾಗೇ ಒಂದು ಅಂಗಿ ತೆಗೆದುಕೊಟ್ಟಳು. ಅತ್ತೆಗೆ ಕಾಣದ ಹಾಗೆ ಇಟ್ಟುಕೊಂಡಿದ್ದಳಂತೆ.

ಹೊಲಿದದ್ದು ಹೀಗೆ. ಒಳಗೆ ಎರಡು ಪದರ ಹಳೇ ಕಾಟನ್ ಸೀರೆ, ಸುಕ್ಕಿಲ್ಲದ ಹಾಗೆ ಎಳೆದು ಹಾಸಿ ಮೊದಲು ಕಚ್ಚಾ ಹೊಲಿಗೆ. ಮೇಲೆ ಅಂಗಿಯನ್ನು ಬಿಚ್ಚಿ ಹರವಿದೆ. ಪಾಲಿಸ್ಟರ್ ಬಟ್ಟೆ, ಜಾರುತ್ತಲೇ ಇತ್ತು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಬರಬೇಕು. ಜೇಬನ್ನು ಮುಚ್ಚಬೇಡಿ ಅಂದಳು ಅಂಗಿ ಕೊಟ್ಟಾಕೆ, ಹಾಗೇ ಬಿಟ್ಟೆ. ಹೆಸರಿನ ಅಕ್ಷರ ಕತ್ತರಿಸೋದೇ ಎಲ್ಲಕ್ಕಿಂತ ತಲೆನೋವು, ಅದರಲ್ಲೂ ಒತ್ತಕ್ಷರ. ಗೇಣುದ್ದ ಅಕ್ಷರ ಮಾಡಿ, ಒತ್ತನ್ನು ಬೇರೆ ತುಂಡಾಗಿ ಕತ್ತರಿಸಿ ಹಚ್ಚಿದರೆ ದೂರದಿಂದಲೂ ಓದಲು ಬರುತ್ತದೆ. ಹೆಸರು, ದಿನಾಂಕ, ಸತ್ತ ಜಾಗ. ಇಷ್ಟೇ. 'ಹುತಾತ್ಮ' ಅಂತ ಹಾಕಿ ಅಂದವರೂ ಇದ್ದರು, ನಾನು ಒಪ್ಪಲಿಲ್ಲ. ಅವನು ಕೂಲಿಗೆ ಹೋಗಿದ್ದ.

ಇನ್ನೊಂದು ತುಂಡಿನ ಮೇಲೆ ದಿನಾಂಕ ಮಾತ್ರ ಇದೆ. ಆ ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದರು, ಅಪ್ಪ ಏನು ಕೆಲಸ ಮಾಡುತ್ತಿದ್ದ ಅಂತ ಗೊತ್ತಾಗೋದು ಅವರಿಗೆ ಬೇಡವಾಗಿತ್ತು. ಹೆಸರು ಹೇಳಿ ಅಂತ ಒತ್ತಾಯ ಮಾಡೋಕೆ ನಾನ್ಯಾರು?

ಒಂದು ಕಚೇರಿಯ ಕಾಂಪೌಂಡಿಗೆ ನೇತುಹಾಕಿದ ದಿನ ಒಬ್ಬ ಸಾಹೇಬರು ಬಂದು ಅಂಚು ಮುಟ್ಟಿ ನೋಡಿ, "ಚಲೋ ಐತ್ರಿ, ಎಷ್ಟಕ್ಕ ಕೊಡ್ತೀರಿ?" ಅಂದರು. ಹೆಸರು ಓದಿ ಅಂದೆ. ಓದಿದರು, ಏನೂ ಹೇಳದೆ ಒಳಗೆ ಹೋದರು. ಕರಪತ್ರ ಕೊಟ್ಟಿದ್ದರೆ ಅಷ್ಟು ಹತ್ತಿರವೂ ಬರುತ್ತಿರಲಿಲ್ಲ ಬಿಡಿ.

ಡಿಸೆಂಬರಿನಲ್ಲಿ ಅಂಗಿ ಕೊಟ್ಟಾಕೆ ಫೋನ್ ಮಾಡಿದಳು. "ಅಕ್ಕಾರ, ಥಂಡಿ ಭಾಳ ಆಗೇತ್ರಿ. ಅದನ್ನ ನನಗ ಕೊಡ್ತೀರೇನು?" ಕೊಟ್ಟೆ. ಈಗ ಎಲ್ಲಾದರೂ ನೇತುಹಾಕಬೇಕೆಂದರೆ ನಾನೇ ಅವಳ ಮನೆಗೆ ಹೋಗಿ ಕೇಳಿ ತರುತ್ತೇನೆ. ಹೋದ ಸಲ ದಿನಾಂಕದ ಪಕ್ಕದಲ್ಲೇ ಸಾರಿನ ಕಲೆ ಇತ್ತು. ಹಾಗೇ ನೇತುಹಾಕಿದೆವು.