ತೊಡೆಯ ಸ್ನಾಯುವಿನಲ್ಲಿ ಬೆಳೆದ ಮೂಳೆ: ಕೊಯ್ಯದೆ ಗೆದ್ದ ನನ್ನ ಅನುಭವ

ಹುಡುಗ ಕಬಡ್ಡಿ ರೈಡರ್. ತೊಡೆಗೆ ಎದುರಾಳಿಯ ಮೊಣಕಾಲು ಬಡಿದು ಹೆಚ್ಚುಕಡಿಮೆ ತಿಂಗಳಾದ ಮೇಲೆ ನನ್ನ ಹತ್ತಿರ ಬಂದ. ಅಷ್ಟರಲ್ಲಿ ಊರಲ್ಲಿ ದಿನಾ ಬಿಸಿ ಎಣ್ಣೆ ಹಚ್ಚಿ ನೀವಿಸಿಕೊಂಡಾಗಿತ್ತು. ಮೊಣಕಾಲು 50 ಡಿಗ್ರಿ ದಾಟಿ ಮಡಚುತ್ತಿರಲಿಲ್ಲ, ಒಳಗೆ ಗಟ್ಟಿ ಗಂಟು. ಎಲ್ಲೋ ಏಳು ಸಾವಿರ ಸುರಿದು ಎಂಆರ್‌ಐ ಮಾಡಿಸಿದ್ದರು. ವರದಿಯ ಕೊನೆಗೆ 'ಸಾರ್ಕೋಮಾ ಇರಬಹುದು', ಅಂದರೆ ಸ್ನಾಯು-ಮೂಳೆಯ ಕ್ಯಾನ್ಸರ್. ಮನೆಯವರಿಗೆ ನಿದ್ದೆಯಿಲ್ಲ.

ಬಯಾಪ್ಸಿ ಮಾಡಿಬಿಡಿ ಎಂದರು ಜೊತೆಯ ವೈದ್ಯರು. ನಾನು ಒಪ್ಪಲಿಲ್ಲ. ಎಳೆ ಗಂಟಿನ ನಡುವಿಂದ ಚೂರು ತೆಗೆದರೆ ಪೆಥಾಲಜಿಸ್ಟರೂ ಏಮಾರಬಹುದು. ಸಿಟಿ ಮಾಡಿಸಿದೆ: ಅಂಚಿಗೆ ಮೊಟ್ಟೆ ಚಿಪ್ಪಿನಂಥ ಸುಣ್ಣದ ಬಳೆ, ನಡುವೆ ಮೆದು, ತೊಡೆಮೂಳೆಗೂ ಗಂಟಿಗೂ ಮಧ್ಯೆ ಸಣ್ಣ ಸಂದು. ನೋವೂ ವಾರ ವಾರಕ್ಕೆ ಇಳಿಯುತ್ತಿತ್ತು. ಇವು ಕ್ಯಾನ್ಸರಿನದಲ್ಲ, ಪೆಟ್ಟು ಬಿದ್ದ ಸ್ನಾಯುವಿನಲ್ಲಿ ಮೂಳೆ ಬೆಳೆಯುವ 'ಮಯೋಸೈಟಿಸ್ ಒಸಿಫಿಕಾನ್ಸ್'ನ ಗುರುತು. ಇದೆಲ್ಲ ಉಲ್ಟಾ ಇದ್ದಿದ್ದರೆ ಅವತ್ತೇ ಕಿದ್ವಾಯಿಗೆ ಕಳಿಸುತ್ತಿದ್ದೆ.

ನೀವುವುದು, ಶಾಖ, ಬಲವಂತವಾಗಿ ಮಡಚಿಸುವುದು ಎಲ್ಲ ಬಂದ್. ಉರಿಯೂತ ಇಳಿಸುವ ಇಂಡೋಮೆಥಾಸಿನ್ 25 ಮಿ.ಗ್ರಾಂ ಮಾತ್ರೆ ದಿನಕ್ಕೆ ಮೂರು, ಜೊತೆಗೆ ಹೊಟ್ಟೆ ಕಾಯಲು ಪ್ಯಾಂಟೊಪ್ರಜೋಲ್, ಮೂರ್ನಾಲ್ಕು ವಾರ. ಗಂಟು ನಿಂತದ್ದು ಮಾತ್ರೆಯಿಂದಲೇ ಎಂದು ಎದೆ ತಟ್ಟಿ ಹೇಳಲಾರೆ. ನೋವಾಗದಷ್ಟು ತಾನೇ ಮಡಚುವ ವ್ಯಾಯಾಮ ಮಾತ್ರ ಬಿಡಿಸಲಿಲ್ಲ.

'ಕೊಯ್ದು ತೆಗೆದರೆ ಮುಗೀತಲ್ಲ ಸರ್' ಎಂದು ಕೋಚ್ ಗಂಟುಬಿದ್ದಿದ್ದರು. ಹಿಂದೆ ಒಬ್ಬನಿಗೆ ಬೇರೆ ಕಡೆ ಮೂರೇ ತಿಂಗಳಿಗೆ ಕೊಯ್ದಿದ್ದರು. ಎಂಬತ್ತು ಸಾವಿರ ಚಿಲ್ಲರೆ ಹೋಯಿತು, ಮೂಳೆ ಮತ್ತೆ ಬೆಳೆಯಿತು. ವಿನೆಗರ್ ಪ್ಯಾಡಿಟ್ಟು ಕರೆಂಟ್ ಕೊಡುವ ಅಯಾಂಟೊಫೊರೆಸಿಸ್ಸನ್ನೂ ನಾನು ಒಂದಿಬ್ಬರ ಮೇಲೆ ನೋಡಿದ್ದೇನೆ. ಚರ್ಮ ಕೆಂಪಾಯಿತೇ ಹೊರತು ಎಕ್ಸ್‌ರೇಯಲ್ಲಿ ಏನೂ ಕರಗಲಿಲ್ಲ.

ನನ್ನ ಕೈ ಹಿಡಿದದ್ದು ದಾಖಲೆ. ಎಕ್ಸ್‌ರೇಗೆ ಪ್ರತಿ ಸಲ ಅದೇ ಟೆಕ್ನಿಷಿಯನ್, ಅದೇ ಕೆವಿ (ಕಿರಣದ ಬಲ), ಅದೇ ದೂರ; ತೊಡೆಯ ಪಕ್ಕ, ಗಂಟಿನ ಮಟ್ಟಕ್ಕೆ, ಹತ್ತು ರೂಪಾಯಿ ನಾಣ್ಯ. ನಾಣ್ಯದ ಅಳತೆ ಗೊತ್ತಿದ್ದರೆ ಗಂಟಿನ ಅಳತೆ ಸಿಗುತ್ತದೆ. ಫಿಲ್ಮಿನ ಮೂಲೆಯಲ್ಲೇ ತಾರೀಕು, ಗೋನಿಯೋಮೀಟರಿನಲ್ಲಿ (ಕೋನ ಅಳೆಯುವ ಪಟ್ಟಿ) ಅಳೆದ ಮೊಣಕಾಲಿನ ಡಿಗ್ರಿ. ಒಂದು ಎಕ್ಸ್‌ರೇಗೆ ಮುನ್ನೂರು. ಆ ಸಂದು ಸ್ಪಷ್ಟವಾಗಿ ಬೀಳಲು ಕಾಲನ್ನು ಎಷ್ಟು ತಿರುಗಿಸಬೇಕು ಎಂಬುದೊಂದು ನನ್ನ ಹತ್ತಿರವೇ ಇರಲಿ.

ಎಂಟು ತಿಂಗಳ ಹೊತ್ತಿಗೆ 130 ಡಿಗ್ರಿ. ಗಂಟು ಅರ್ಧಕ್ಕಿಳಿದು ಅಂಚು ನುಣುಪಾಗಿ ಕೂತಿದೆ. ಅದರ ಜೊತೆಗೇ ರೈಡ್ ಮಾಡುತ್ತಿದ್ದಾನೆ. ನನ್ನಲ್ಲಿ ಆದ ಖರ್ಚು, ಸಿಟಿ ಸೇರಿ, ಎಂಆರ್‌ಐ ಒಂದಕ್ಕೆ ಕೊಟ್ಟಷ್ಟೂ ಇಲ್ಲ.

ತೊಡೆಗೆ ಹೊಸದಾಗಿ ಪೆಟ್ಟು ಬಿದ್ದರೆ ಈಗ ಕೋಚ್‌ಗಳ ಕೈಲೇ ಮಾಡಿಸುತ್ತೇನೆ: ಹತ್ತು ನಿಮಿಷದೊಳಗೆ ಮೊಣಕಾಲು 120 ಡಿಗ್ರಿ ಮಡಚಿ ಕ್ರೇಪ್ ಬ್ಯಾಂಡೇಜ್ ಸುತ್ತಿ, 24 ಗಂಟೆ ಹಾಗೇ. ಅಮೆರಿಕದ ನೌಕಾ ಅಕಾಡೆಮಿಯವರ 2006ರ ವರದಿಯಲ್ಲಿ ಹೀಗೆ ಮಾಡಿದ ಹುಡುಗರು ಸರಾಸರಿ ಮೂರೂವರೆ ದಿನಕ್ಕೆ ಆಟಕ್ಕಿಳಿದಿದ್ದರು. ನಮ್ಮ ಹುಡುಗರಿಗೆ ವಾರ ಹಿಡಿಯುತ್ತದೆ.