ಡೆಲೆಂಡಾ: ಒಂದು ಲ್ಯಾಟಿನ್ ಕೃದಂತವನ್ನು ನಾನು ಕಲಿತ ಬಗೆ

ಲ್ಯಾಟಿನ್ ಕಲಿಯಲು ತೊಡಗಿದ ಮೊದಲ ವರ್ಷ ನನ್ನನ್ನು ಬಹುಕಾಲ ತಡೆದು ನಿಲ್ಲಿಸಿದ್ದು ಜೆರಂಡಿವ್ ಎಂಬ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿ ‘ಮಾಡತಕ್ಕ’ ಎಂಬ ಅರ್ಥ ಕೊಡುವ ರೂಪ. ಪ್ರಾಚೀನ ರೋಮಿನ ರಾಜಕಾರಣಿ ಹಿರಿಯ ಕೇಟೊ ತನ್ನ ನಾಡಿನ ವೈರಿ ನಗರವಾದ ಕಾರ್ಥೇಜ್ ಬಗ್ಗೆ ಆಡುತ್ತಿದ್ದನೆಂದು ಪ್ರಸಿದ್ಧವಾದ ‘ಕಾರ್ಥಾಗೊ ಡೆಲೆಂಡಾ ಎಸ್ಟ್’ ಎಂಬ ಮಾತನ್ನು ನಾನು ‘ಕಾರ್ಥೇಜ್ ನಾಶವಾಯಿತು’ ಎಂದು ಅನುವಾದಿಸಿದ್ದೆ. ಕೇಟೊ ತೀರಿಕೊಂಡದ್ದು ಕ್ರಿ.ಪೂ. 149ರಲ್ಲಿ, ನಗರ ನಾಶವಾದದ್ದು ಕ್ರಿ.ಪೂ. 146ರಲ್ಲಿ ಎಂಬುದನ್ನು ಓದಿದಾಗಲಷ್ಟೇ ನನ್ನ ತಪ್ಪು ತಿಳಿಯಿತು. ‘ಡೆಲೆಟಾ ಎಸ್ಟ್’ ಎಂದಿದ್ದರೆ ನಾಶವಾಯಿತು ಎಂದಾಗುತ್ತಿತ್ತು; ‘ಟ’ ಇರುವಲ್ಲಿ ‘ಂಡ’ ಬಂದುದರಿಂದ ಅದು ‘ನಾಶಮಾಡತಕ್ಕದ್ದು’ ಎಂದಾಗಿದೆ.

ಮೊದಲು ನೆರವಿಗೆ ಬಂದದ್ದು ಶಾಲೆಯಲ್ಲಿ ಕಲಿತ ಸಂಸ್ಕೃತ. ‘ಗ್ರಂಥಃ ಪಠನೀಯಃ’, ‘ಕಥಾ ಪಠನೀಯಾ’ ಎಂಬಲ್ಲಿ ಕೃದಂತವು ನಾಮಪದದ ಲಿಂಗವನ್ನು ಅನುಸರಿಸುವಂತೆಯೇ ಲ್ಯಾಟಿನ್‌ನಲ್ಲಿ ಪುಸ್ತಕವು ‘ಲಿಬೆರ್ ಲೆಗೆಂಡುಸ್’, ಪತ್ರವು ‘ಎಪಿಸ್ಟುಲಾ ಲೆಗೆಂಡಾ’. ಕಾರ್ಥಾಗೊ ಸ್ತ್ರೀಲಿಂಗವಾದ್ದರಿಂದಲೇ ಡೆಲೆಂಡಾ. ಆದರೆ ಕರ್ತೃವಿನ ವಿಷಯದಲ್ಲಿ ಸಂಸ್ಕೃತ ನನ್ನ ಕೈಬಿಟ್ಟಿತು, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ‘ಮಯಾ’ (ನನ್ನಿಂದ) ಎಂದು ತೃತೀಯಾ ವಿಭಕ್ತಿ ಬರುವಲ್ಲಿ ಲ್ಯಾಟಿನ್‌ನಲ್ಲಿ ‘ಮಿಹಿ’ (ನನಗೆ) ಎಂಬ ಚತುರ್ಥಿ ಬರುತ್ತದೆ.

ಸಂಸ್ಕೃತ ಬಿಟ್ಟುಕೊಟ್ಟ ಆ ಅರ್ಧವನ್ನು ತುಂಬಿಕೊಟ್ಟದ್ದು ದಕ್ಷಿಣ ಕನ್ನಡದ ನಮ್ಮ ಮನೆಮಾತು. ‘ಮಿಹಿ ಲಿಬೆರ್ ಲೆಗೆಂಡುಸ್ ಎಸ್ಟ್’ ಎಂಬುದನ್ನು ಒಂದು ಸಂಜೆ ಗಟ್ಟಿಯಾಗಿ ಓದುತ್ತಿದ್ದಾಗ, ನನ್ನ ಬಾಯಲ್ಲಿ ತಾನಾಗಿಯೇ ‘ನನಗೆ ಪುಸ್ತಕ ಓದಲಿಕ್ಕೆ ಉಂಟು’ ಎಂಬ ಮಾತು ಬಂತು. ಪದಕ್ಕೆ ಪದ ಕೂಡುತ್ತಿತ್ತು. ‘ಎಸ್ಟ್’ ಇದ್ದ ಜಾಗದಲ್ಲಿ ‘ಉಂಟು’ ಕುಳಿತಿತ್ತು. ನಮ್ಮ ‘ಓದಲಿಕ್ಕೆ’ ಲಿಂಗವಚನಗಳಿಗೆ ಬದಲಾಗುವುದಿಲ್ಲ ಎಂಬ ಭೇದವನ್ನು ಮರೆಯಬಾರದಷ್ಟೆ.

ಆದರೂ ಎಲ್ಲೆಡೆ ‘ಬೇಕು’ ಎಂಬ ಅರ್ಥವನ್ನು ಹುಡುಕಿ ನಾನು ಮತ್ತೆ ಎಡವಿದೆ. ‘ಆಡ್ ಪಾಕೆಮ್ ಪೆಟೆಂಡಮ್ ವೆನೆರುಂಟ್’ ಎಂಬುದನ್ನು ‘ಕೋರಬೇಕಾದ ಶಾಂತಿಯ ಬಳಿಗೆ ಬಂದರು’ ಎಂದು ಬರೆದು, ಅರ್ಥ ಕೂಡದೆ ಎರಡು ದಿನ ಒದ್ದಾಡಿದೆ. ‘ಕಡೆಗೆ’ ಎಂಬರ್ಥದ ‘ಆಡ್’ ಜೊತೆಗಿದ್ದಾಗ ಕಡ್ಡಾಯದ ಭಾವ ಕರಗಿ ಉದ್ದೇಶ ಮಾತ್ರ ಉಳಿಯುತ್ತದೆ: ‘ಶಾಂತಿಯನ್ನು ಕೋರಲಿಕ್ಕೆ ಬಂದರು’. ಇಲ್ಲಿಯೂ ಅದೇ ‘ಲಿಕ್ಕೆ’! ‘ಉಂಟು’ ಸೇರಿದರೆ ಕರ್ತವ್ಯ, ‘ಬಂದರು’ ಸೇರಿದರೆ ಉದ್ದೇಶ. ಅಂದಿನಿಂದ ಜೆರಂಡಿವ್ ಕಂಡಲ್ಲೆಲ್ಲ ನಾನು ಮೊದಲು ಅದರ ಪಕ್ಕದಲ್ಲಿ ‘ಎಸ್ಟ್’ ಇದೆಯೇ, ‘ಆಡ್’ ಇದೆಯೇ ಎಂದು ನೋಡಿ, ಆಮೇಲೆ ಅನುವಾದಕ್ಕೆ ಕೈಹಚ್ಚುತ್ತೇನೆ.